ಗೋಡೆಯಾಚೆಯ ಹದಿನೆಂಟು ಸಿಂದಿ ಗಿಡ

ತಾಳೆ ಜಾತಿಯ ಮರಗಳಿಗೆ ಸುಳಿ ಒಂದೇ. ಬೇವಿನ ಕೊಂಬೆ ಕಡಿದರೆ ಪಕ್ಕದಲ್ಲಿ ಇನ್ನೊಂದು ಚಿಗುರುತ್ತದೆ. ತೆಂಗು, ಖರ್ಜೂರ, ಸಿಂದಿ, ಬಂಗಲೆಗಳ ಮುಂದೆ ಸಾಲಾಗಿ ನಿಲ್ಲಿಸುವ ಪಾಮ್‌ಗಳು, ಇವು ಯಾವುದಕ್ಕೂ ಆ ಅವಕಾಶವಿಲ್ಲ. ನೆತ್ತಿಯ ಸುಳಿ ಹೋದರೆ ಮರ ಹೋಯಿತು. ಕೆಂಪು ಮೂತಿ ಹುಳು ಕಾಂಡದ ಗಾಯದಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ಮೇಯುತ್ತ ಸುಳಿಯ ಕಡೆ ಸಾಗುತ್ತವೆ. ಹೊರಗೆ ಎಲೆ ಹಸಿರಾಗಿಯೇ ಇರುತ್ತದೆ. ಕಾಂಡಕ್ಕೆ ಕಿವಿ ಹಚ್ಚಿದರೆ ಕರಕರ ಸದ್ದು ಕೇಳುತ್ತದೆ. ಆ ಸದ್ದು ಕೇಳಿಸಿದ ಮರವನ್ನು ಕಡಿದು ಸುಡುವುದೊಂದೇ ದಾರಿ. ಮೂವತ್ತು ವರ್ಷ ಬೀದರಿನಲ್ಲಿ ತೋಟಗಾರಿಕೆಯ ಸಂಶೋಧನೆಯಲ್ಲಿದ್ದಾಗ ಇದನ್ನೇ ಹೇಳಿದೆ. ನನ್ನ ಮಾತಿನ ಮೇಲೆ ಬಿದ್ದ ಮರಗಳು ಬಹಳ. ಅವುಗಳಲ್ಲಿ ಹದಿನೆಂಟು ಬೀಳಬಾರದಿತ್ತು.

ನನ್ನ ದಿನ ಐದು ಗಂಟೆಗೆ ಶುರು. ಸ್ನಾನ, ಬುದ್ಧ ವಂದನೆ, ಒಂದು ರೊಟ್ಟಿ, ಆರೂ ಕಾಲಿನ ಬಸ್ಸು. ಔರಾದ ತಾಲೂಕಿನ ಎಕಂಬಾದಿಂದ ಹತ್ತನೆಯ ವಯಸ್ಸಿಗೆ ಬೀದರಿನ ಹಾಸ್ಟೆಲಿಗೆ ಬಂದವನು ನಾನು. ಅಲ್ಲಿನ ವಾರ್ಡನ್ನರು ಮಡಚಿದ ಕಂಬಳಿಯ ಅಂಚನ್ನು ಅಡಿಪಟ್ಟಿ ಹಿಡಿದು ನೋಡುತ್ತಿದ್ದರು. ಅಂಚು ಸೊಟ್ಟಗಿದ್ದರೆ ಅದೇ ಅಡಿಪಟ್ಟಿ ಬೆರಳ ಗೆಣ್ಣಿನ ಮೇಲೆ. ನನಗೆ ಆ ಶಿಸ್ತು ಒಗ್ಗಿತು. ಒಗ್ಗದವರು ಅಳುತ್ತ ಊರಿಗೆ ಮರಳಿದರು. ಅವರನ್ನು ಕಂಡು ನಾನು ನಗುತ್ತಿದ್ದೆ.

ನಿವೃತ್ತಿಯಾದ ಮೇಲೂ ಹುಳುವಿನ ಲೆಕ್ಕ ಬಿಡಲಿಲ್ಲ. ಆಗಲೇ ಭಾಲ್ಕಿಯ ಒಂದು ವಿದ್ಯಾಸಂಸ್ಥೆಯಿಂದ ಕರೆ ಬಂತು. ಅವರು ಹೊಸ ಕಟ್ಟಡದ ಮುಂದೆ, ಹೆಬ್ಬಾಗಿಲಿನಿಂದ ಮೆಟ್ಟಿಲಿನವರೆಗೆ, ಎರಡು ಸಾಲು ದೊಡ್ಡ ಖರ್ಜೂರದ ಪಾಮ್ ನೆಟ್ಟಿದ್ದರು. ಆಂಧ್ರದ ನರ್ಸರಿಯಿಂದ ಎಲೆ ಸವರಿ, ತಲೆಗೆ ಗೋಣಿ ಸುತ್ತಿ, ಲಾರಿಯಲ್ಲಿ ಮಲಗಿಸಿ ತಂದ ಮರಗಳು. ಸಂಸ್ಥೆಯ ಅಧ್ಯಕ್ಷರು ನನ್ನನ್ನು ಮೂರನೆಯ ಮರದ ಹತ್ತಿರ ನಿಲ್ಲಿಸಿದರು.

"ಸರ್, ಇದು ಯಾಕ್ರಿ ಛತ್ರಿ ಮುಚ್ಚಿದಂಗ ಆಗ್ಯಾದ?"

ಕಿವಿ ಹಚ್ಚಿದೆ. ಒಳಗೆ ಕರಕರ. ಕೊಡಲಿ ತರಿಸಿ ಬುಡದ ಬಳಿ ಸೀಳಿಸಿದಾಗ ಹೆಬ್ಬೆರಳಿನಷ್ಟು ದಪ್ಪದ ಬೆಳ್ಳನೆಯ ಮರಿಗಳು ಕೊಳೆತ ನಾರಿನ ಜೊತೆ ಉದುರಿದವು. ಅಧ್ಯಕ್ಷರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ಎಲ್ಲಿಂದ ಬಂದ್ವು ಇವು?"

"ಲಾರಿಯಾಗ ಗಿಡದ ಸಂಗಾಟ ಬಂದಿರಬೇಕು. ಇಲ್ಲಾ ಸುತ್ತಲಿನ ಗಿಡದಾಗ ಮೊದಲ ಇದ್ದಿರಬೇಕು."

"ಲಾರಿಯಾಗಿಂದ ಹ್ಯಾಂಗ ಬರ್ತಾವ್ರಿ? ನಾನೇ ನಿಂತು ಆರಿಸಿ ತಂದೇನಿ." ಅವರು ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು. "ಆಕಡಿ ಹಳ್ಳದಾಗ ಸಿಂದಿ ಗಿಡ ಅವ ನೋಡ್ರಿ. ಒಬ್ಬಾಕಿ ದಿನಾ ಅವನ್ನ ಕೊಯ್ತಾಳ. ಎಲ್ಲಾ ಹೊಲಸು ಅಲ್ಲೇ ಅದ."

ಅಳೆಯದೆ ಹೇಳಲಾಗದು ಎಂದೆ.

"ಅಳೀರಿ, ಅಳೀರಿ. ದೀಪಾವಳಿ ಆದ್ಮ್ಯಾಲ ಉದ್ಘಾಟನೆ ಅದ. ದೊಡ್ಡೋರು ಬರ್ತಾರ. ಅಷ್ಟರಾಗ ಆ ಕಡಿ ಸಾಫ್ ಆಗ್ಬೇಕು."

ಗೋಡೆಯಾಚೆ ಹದಿನೆಂಟು ಸಿಂದಿ ಗಿಡಗಳಿದ್ದವು. ಸಿಂದಿ ಎಂದರೆ ಕಾಡು ಖರ್ಜೂರ, ಒಳಗಿನ ಶೋಕಿ ಮರಗಳ ಬಡ ದಾಯಾದಿ. ಹಳ್ಳದ ದಂಡೆ ಗಾಯರಾಣ, ಸರಕಾರದ ಜಾಗ. ಆದರೆ ಗಿಡಗಳನ್ನು ಮೂರು ತಲೆಮಾರಿನಿಂದ ನೋಡಿಕೊಂಡದ್ದು ಒಂದು ಕುರಿಗಾರರ ಮನೆ. ಗಂಡಸರು ಕುರಿಯ ಹಿಂದೆ ಹೋದರೆ ಮನೆಯ ಸೊಸೆ ಎಲೆ ಕೊಯ್ದು, ಒಣಗಿಸಿ, ಸೀಳಿ ಕಸಬರಿಗೆ ಕಟ್ಟುತ್ತಿದ್ದಳು. ನಮ್ಮ ಕಡೆ ಅದಕ್ಕೆ ಬಾರಿಗಿ ಎನ್ನುತ್ತಾರೆ. ನಾನು ಹೋದಾಗಿನ ಸೊಸೆಗೆ ಅರವತ್ತು ದಾಟಿತ್ತು. ಆ ಹದಿನೆಂಟು ಗಿಡ ಬಿಟ್ಟರೆ ಅವಳದು ಎನ್ನುವಂಥದ್ದು ಏನೂ ಇರಲಿಲ್ಲ. ಕುರಿ ಗಂಡನವು, ಹೊಲ ಮೈದುನರದು.

ಹುಳು ಹಿಡಿಯುವ ಡಬ್ಬಿ ಸರಳವಾದದ್ದು. ತೂತು ಕೊರೆದ ಬಕೆಟ್ಟು, ಹತ್ತಲು ಅನುಕೂಲವಾಗಲೆಂದು ಹೊರಗೆ ಗೋಣಿ, ಮುಚ್ಚಳದ ಒಳಗೆ ಹುಳುವನ್ನು ಕರೆಯುವ ವಾಸನೆಯ ಪುಡಿಕೆ, ತಳದಲ್ಲಿ ಬೆಲ್ಲದ ನೀರು, ಕಬ್ಬಿನ ತುಂಡು. ಇದಕ್ಕೊಂದು ನಿಯಮವಿದೆ: ಉಳಿಸಬೇಕಾದ ಮರಕ್ಕೆ ಡಬ್ಬಿ ಕಟ್ಟಬಾರದು, ಏಕೆಂದರೆ ವಾಸನೆಗೆ ದೂರದ ಹುಳುಗಳೂ ಹಾರಿ ಬರುತ್ತವೆ. ಆದ್ದರಿಂದ ಡಬ್ಬಿಯನ್ನು ಸಂಸ್ಥೆಯ ಮರಗಳ ಹತ್ತಿರ ಇಡಲಿಲ್ಲ. ಅವಳ ಗಿಡಕ್ಕೆ ಕಟ್ಟಿದೆ.

"ಹುಳ ನಮ್ ಗಿಡಕ್ಕ ಇಲ್ರಿ ಸಾಹೇಬ್ರ," ಅಂದಳು. "ಡಬ್ಬಿ ಇಲ್ಲಿ ಯಾಕ ಕಟ್ತೀರಿ?"

"ಇದ್ರ ಬೀಳ್ತಾವ ತಂಗಿ, ಇಲ್ದಿದ್ರ ಇಲ್ಲ."

ಇದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅನಕ್ಷರಸ್ಥರಿಗೆ ಪೂರ್ತಿ ವಿವರಿಸುತ್ತ ಕೂತರೆ ಬಸ್ಸು ತಪ್ಪುತ್ತದೆ.

"ನಾವು ಬುಡಕ್ಕ ಕೊಯ್ಯಂಗಿಲ್ಲ ನೋಡ್ರಿ. ಗೇಣು ದಂಟು ಬಿಟ್ಟು ಕೊಯ್ತೇವಿ. ಗಿಡಕ್ಕ ಗಾಯ ಆಗಬಾರದು ಅಂತ ನಮ್ಮತ್ತಿ ಹೇಳಿ ಹೋಗ್ಯಾಳ."

ಅದನ್ನು ನಾನು ಬರೆದುಕೊಳ್ಳಲಿಲ್ಲ. ಡಬ್ಬಿಯ ನೀರು ಆರಬಾರದು, ನಾನು ಬುಧವಾರಕ್ಕೊಮ್ಮೆ ಬರುತ್ತೇನೆ ಎಂದೆ.

"ನೀರೇನು, ನಾ ಹಾಕ್ತೇನಿ ಬಿಡ್ರಿ. ಕುರಿಗಿ ಹಾಕ್ತೇನಿ, ಡಬ್ಬಿಗಿ ಹಾಕಲಾಕ ಏನ್ ಭಾರ?"

ನನಗೊಂದು ತಿರುಗಾಟ ಉಳಿಯಿತೆಂದು ಒಪ್ಪಿದೆ.

ಹೋಲಿಕೆಗೆ ಇನ್ನೆರಡು ಡಬ್ಬಿಗಳಿದ್ದವು. ಒಂದು ಬೀದರಿನ ನಮ್ಮ ಕಾಲನಿಯ ಉದ್ಯಾನದಲ್ಲಿ, ಹಳೆಯ ಪಾಮ್ ಸಾಲಿನಿಂದ ಸ್ವಲ್ಪ ದೂರ. ಇನ್ನೊಂದು ಎಕಂಬಾದಲ್ಲಿ, ನಮ್ಮಣ್ಣನ ಹೊಲದ ಬದುವಿನ ಸಿಂದಿ ಗಿಡಕ್ಕೆ. ಸೋಮವಾರ ಬೀದರ, ಬುಧವಾರ ಭಾಲ್ಕಿ, ಶನಿವಾರ ಎಕಂಬಾ. ಈ ಕ್ರಮ ಬೇಸಿಗೆಯಿಡೀ ಒಂದು ದಿನವೂ ತಪ್ಪಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಹುಳುಗಳ ಸಂಖ್ಯೆ, ಕೊನೆಗೆ ಷರಾ.

ಬೀದರಿನಲ್ಲಿ ವಾರಕ್ಕೆ ಒಂದೆರಡು ಹುಳು. ಎಕಂಬಾದಲ್ಲಿ ಸೊನ್ನೆ. ಭಾಲ್ಕಿಯಲ್ಲಿ ಬಕೆಟ್ಟು ಬಗ್ಗಿಸಿದರೆ ನೆಲದ ಮೇಲೆ ಕೆಂಪಗೆ ರಾಶಿ. ಅವಳು ಪ್ರತಿ ಬುಧವಾರ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತು, ಕಡ್ಡಿಯಿಂದ ಒಂದೊಂದನ್ನೇ ಬೇರೆ ಮಾಡಿ ಕೊಡುತ್ತಿದ್ದಳು.

"ಈ ವಾರ ಭಾಳ ಬಿದ್ದಾವ್ರಿ. ಛಲೋ ಆತಲ್ರಿ?"

"ಛಲೋ ಆತು," ಎಂದು ನಾನು ಬರೆದುಕೊಳ್ಳುತ್ತಿದ್ದೆ.

ವರದಿ ಮೂರು ಪುಟದ್ದು. ಉಪಯೋಗಗಳ ಭಾಗದಲ್ಲಿ ಸಿಂದಿಗೆ ಒಂದು ಸಾಲು ಕೊಟ್ಟೆ: ಕಿರು ಉಪಯೋಗ, ಕಸಬರಿಗೆ ಮತ್ತು ಚಾಪೆ. ಅವಳ ಹದಿನೆಂಟೂ ಗಿಡಗಳನ್ನು ಸುತ್ತಿ ನೋಡಿದ್ದೆ. ತೂತಿಲ್ಲ, ಕಂದು ರಸ ಸೋರಿಲ್ಲ, ಕಿವಿಗೆ ಸದ್ದಿಲ್ಲ. ಆದರೂ ಡಬ್ಬಿಯ ಸಂಖ್ಯೆ ನನ್ನ ಮುಂದಿತ್ತು. "ಆರಂಭದ ಹಂತ ಹೊರಗೆ ಕಾಣುವುದಿಲ್ಲ" ಎಂದು ಬರೆದೆ. ಈ ವಾಕ್ಯ ಯಾವ ಪಠ್ಯದಲ್ಲಿ ಹಾಕಿದರೂ ನಿಜ. ಅಲ್ಲಿ ಅದನ್ನು ಅವಳ ಗಿಡಗಳ ಮೇಲೆ ಗುಮಾನಿ ಹೊರಿಸಲು ಬಳಸಿದೆ. ಶಿಫಾರಸು ಎರಡು: ಸಂಸ್ಥೆಯ ಹುಳುಬಿದ್ದ ಮರಗಳನ್ನು ತೆಗೆಯಬೇಕು, ಮೂಲವೆಂದು ಕಾಣುವ ಹಳ್ಳದ ಸಿಂದಿ ಗಿಡಗಳನ್ನು ಎಲೆಸಹಿತ ಕಡಿದು ಸುಡಬೇಕು. ಅಧ್ಯಕ್ಷರು ಎರಡನೆಯದರ ಕೆಳಗೆ ಗೆರೆ ಎಳೆದು ಕಚೇರಿಯಿಂದ ಕಚೇರಿಗೆ ಒಯ್ದರು. ಅನುಮತಿ ಸಿಗಲು ಮಳೆಗಾಲ ಕಳೆಯಿತು. ದೀಪಾವಳಿಗೆ ಎರಡು ವಾರ ಮುಂಚಿನ ಒಂದು ಸೋಮವಾರ ಕಡಿಯುವುದೆಂದು ನಿಗದಿಯಾಯಿತು. ನಾನು ಎಣಿಕೆ ನಿಲ್ಲಿಸಿರಲಿಲ್ಲ.

ಆ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ, ಎಕಂಬಾದಲ್ಲಿದ್ದೆ. ಬಕೆಟ್ಟು ಒಣಗಿತ್ತು. ತಳದಲ್ಲಿ ಬೆಲ್ಲ ಹಕ್ಕಳೆಯಾಗಿ ಅಂಟಿತ್ತು. ಹುಳು ಇಲ್ಲ. ಸೊನ್ನೆ ಬರೆದೆ. ಅಣ್ಣನ ಹೆಂಡತಿ ಚಹಾ ತಂದಳು. ಅವಳನ್ನು ನಾನು ವಹಿನಿ ಎನ್ನುತ್ತೇನೆ.

"ಭಾವೂಜಿ, ಈ ಒಣ ಡಬ್ಬಿ ನೋಡಲಾಕ ಬೀದರದಿಂದ ಬರ್ತೀರಿ. ಇಷ್ಟ ನಮ್ಮನ್ನ ನೋಡಲಾಕ ಬಂದಿದ್ರ ಪುಣ್ಯ ಬರ್ತಿತ್ತು."

"ಪ್ರತಿ ವಾರ ಒಣಗ್ತದೇನು?"

"ನೀವು ಹೋದ ಎರಡ್ ದಿನಕ್ಕ ಒಣಗ್ತದ. ಆಮ್ಯಾಲ ಇರಿವಿ ಬಂದು ಬೆಲ್ಲ ತಿಂತಾವ."

"ಜರಾ ನೀರ್ ಹಾಕಿದ್ರ ಏನಾಗ್ತಿತ್ತು?"

"ಯಾರ್ ಹಾಕಬೇಕು? ಯಾರೂ ಮುಟ್ಟಬ್ಯಾಡ್ರಿ, ಲೆಕ್ಕ ಕೆಡ್ತದ ಅಂತ ಮೊದಲನೇ ದಿನ ಬೈದು ಹೋದವರು ನೀವಲ್ಲೇನ್ರಿ?"

ಹೌದು. ಮನೆಯವರು ಕೈ ಹಾಕಿದರೆ ಕೆಲಸ ಕೆಡುತ್ತದೆಂದು ಹಾಗೆ ಹೇಳಿದ್ದೆ. ಬದುವಿನ ಮೇಲೆ ಕೂತು ನೋಟ್‌ಬುಕ್ಕಿನ ಷರಾ ಕಾಲಮ್ಮನ್ನು ಮೊದಲ ಪುಟದಿಂದ ಓದಿದೆ. ಬೀದರ: ಡಬ್ಬಿ ಒಣ. ಎಕಂಬಾ: ಡಬ್ಬಿ ಒಣ. ಭಾಲ್ಕಿ: ನೀರು ಸರಿ. ಬೀದರ: ಒಣ. ಎಕಂಬಾ: ಒಣ. ಭಾಲ್ಕಿ: ನೀರು ಸರಿ. ಎಲ್ಲ ನನ್ನದೇ ದುಂಡಗಿನ ಅಕ್ಷರ. ವಾರವಾರವೂ ಬರೆದಿದ್ದೆ, ಒಮ್ಮೆಯೂ ಓದಿರಲಿಲ್ಲ. ನೀರಾರಿದ ಡಬ್ಬಿಗೆ ಹುಳು ಇಳಿಯುವುದಿಲ್ಲ. ನಾನು ಎಣಿಸಿದ್ದು ಗಿಡಗಳ ರೋಗವನ್ನಲ್ಲ. ಒಬ್ಬ ಹೆಂಗಸು ತಾನು ಕೊಟ್ಟ ಮಾತನ್ನು ತಪ್ಪದೆ ಪಾಲಿಸಿ, ದಿನಾ ಹಳ್ಳದಿಂದ ತಂಬಿಗೆ ನೀರು ತಂದು ಸುರಿದದ್ದನ್ನು. ಗೋಡೆಯ ಒಳಗಿನ ಹುಳುಗಳೆಲ್ಲ ಆ ಹಸಿ ಡಬ್ಬಿಗೆ ಹಾರಿ ಬಂದಿದ್ದವು.

ಮೊಬೈಲು ಜೇಬಿನಲ್ಲಿತ್ತು. ಸಿಗ್ನಲ್ಲೂ ಇತ್ತು. ಒಂದು ಕರೆ ಮಾಡಿ "ಸೋಮವಾರ ಕಡಿಯಬೇಡಿ" ಎಂದರೆ ಮುಗಿಯುತ್ತಿತ್ತು. ನಾನು ಬಕೆಟ್ಟಿಗೆ ನೀರು ತುಂಬಿ, ದಿನಾ ಹಾಕುವಂತೆ ವಹಿನಿಗೆ ಹೇಳಿದೆ. ಮುಂದಿನ ಶನಿವಾರ ಎಣಿಸಿ, ಹೋಲಿಸಿ, ಆಮೇಲೆ ತಿದ್ದುಪಡಿ ಎಂದು ನಿಶ್ಚಯಿಸಿದೆ. ಬರೀ ಅನುಮಾನದ ಮೇಲೆ ವರದಿ ಹಿಂತೆಗೆದುಕೊಳ್ಳುವುದು ಪದ್ಧತಿಯಲ್ಲ. ಇದರಲ್ಲಿ ಪದ್ಧತಿ ಅರ್ಧ. ಇನ್ನರ್ಧ, ಆ ಅಧ್ಯಕ್ಷರ ಮುಂದೆ ತಪ್ಪಾಯಿತೆನ್ನಲು ನನಗೆ ಮನಸ್ಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀದರಿನ ಉದ್ಯಾನದಲ್ಲಿ ಬಕೆಟ್ಟು ಬಗ್ಗಿಸಿ ಕೂತಿದ್ದಾಗ ಫೋನು ಬಂತು. ಭಾಲ್ಕಿಯ ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಸಂಖ್ಯೆ ಇತ್ತು. ಯಾರ ಕೈಯಲ್ಲೋ ಒತ್ತಿಸಿದ್ದಳು.

"ಸಾಹೇಬ್ರ, ಜೆಸಿಬಿ ಬಂದದ. ನಮ್ ಗಿಡ ಕೆಡವಲಾಕತ್ಯಾರ. ನೀವು ಬರ್ದು ಕೊಟ್ಟೀರಿ ಅಂತಾರ, ಖರೇ ಏನ್ರಿ?"

"ಖರೇ ಅದ ತಂಗಿ."

"ಹಾಂಗಾರ ಅಳಸ್ರಿ. ನೀವ ಬರ್ದದ್ದು ನೀವ ಅಳಸ್ರಿ. ಇವರಿಗಿ ಫೋನ್ ಕೊಡ್ತೇನಿ, ಒಂದ್ ಮಾತ್ ಹೇಳ್ರಿ."

"ಶನಿವಾರ ಮಟ ಏನೂ ಹೇಳಲಾಕ ಆಗಂಗಿಲ್ಲ."

"ಶನಿವಾರ ಯಾಕ್ರಿ? ಗಿಡ ಇವತ್ತ ಬೀಳ್ತಾವ!"

ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಎಣಿಕೆ ನಡೆದಿದೆ, ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟೆ. ಎಣಿಕೆ ಮುಗಿಸಿದೆ. ಎರಡು ಹುಳು. ಬರೆದೆ. ಆಮೇಲೆ ಫೋನು ಮಾಡಲಿಲ್ಲ.

ಬುಧವಾರ ಎಂದಿನ ಬಸ್ಸಿಗೇ ಭಾಲ್ಕಿಗೆ ಹೋದೆ. ದಂಡೆಯ ಮೇಲೆ ಎಲೆಗಳೆಲ್ಲ ಬೂದಿಯಾಗಿದ್ದವು. ಹಸಿ ಕಾಂಡ ಸುಲಭಕ್ಕೆ ಸುಡುವುದಿಲ್ಲ. ಹದಿನೆಂಟೂ ಹೊರಗೆ ಕರಕಲಾಗಿ ಬಿದ್ದಿದ್ದವು. ಅವಳು ಒಂದರ ಮೇಲೆ ಕೂತಿದ್ದಳು. ಕುಡುಗೋಲು ಮಡಿಲಲ್ಲಿತ್ತು, ಕೊಯ್ಯಲು ಏನೂ ಇರಲಿಲ್ಲ. ಕುರಿ ಬಿಟ್ಟು ಬಂದಿದ್ದ ಅವಳ ಗಂಡ ಕೋಲೂರಿ ನಿಂತಿದ್ದ. ಕೂಲಿಯವನೊಬ್ಬನನ್ನು ಕರೆದು ಕಾಂಡಗಳನ್ನು ಒಂದೊಂದಾಗಿ ಸೀಳಿಸತೊಡಗಿದೆ.

"ನೋಡು," ಎಂದ ಗಂಡ ಅವಳಿಗೆ. "ಹೆಣ ಕೊಯ್ದು ಜಡ್ಡು ಹುಡುಕೋ ಡಾಕ್ಟರು."

"ಎಲಿ ಯಾಕ ಸುಟ್ರಿ?" ಅಂದಳು ಅವಳು. "ಹುಳ ಎಲಿ ತಿನ್ನಂಗಿಲ್ಲ, ಒಳಗ ತಿಂತದ ಅಂತ ನೀವ ಹೇಳಿದ್ರಿ. ಎಲಿ ಉಳದಿದ್ರ ಈ ಹಬ್ಬಕ್ಕರ ಬಾರಿಗಿ ಆಗ್ತಿದ್ವು."

ಎಲೆಸಹಿತ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಕೂಲಿಯವನಿಗೆ ಕೆಲಸ ಮುಂದುವರಿಸಲು ಹೇಳಿದೆ. ಒಂದು, ಎರಡು, ಮೂರು. ಒಳಗೆ ಬೆಳ್ಳನೆಯ ಗಟ್ಟಿ ತಿರುಳು. ಹದಿನೆಂಟನೆಯದರವರೆಗೂ ಅದೇ. ಒಂದರಲ್ಲೂ ಒಂದು ಮರಿ ಇರಲಿಲ್ಲ.

"ಹುಳ ಸಿಕ್ಕವೇನ್ರಿ?"

"ಇಲ್ಲ."

"ಜೋರ್ ಹೇಳ್ರಿ. ನಮ್ಮವಗ ಕಿವಿ ಮಂದ."

"ಒಂದೂ ಇಲ್ಲ!"

"ಮತ್ತ ಡಬ್ಬಿದಾಗ ಬಿದ್ದವು ಯಾರವ್ರಿ?"

"ಗೋಡಿ ಒಳಗಿನವು. ವಾಸನಿಗಿ ಬಂದವು."

ಅವಳು ಕುಡುಗೋಲಿನ ತುದಿಯಿಂದ ಬೂದಿ ಕೆದಕಿದಳು. "ನಾ ನೀರ್ ಹಾಕಿದ್ದಕ್ಕ ಬಂದವು," ಅಂದಳು. ನನಗೆ ಬೇಸಿಗೆಯಿಂದ ದೀಪಾವಳಿಯವರೆಗೆ ಹಿಡಿದದ್ದು ಅವಳಿಗೆ ಅಷ್ಟರಲ್ಲೇ ತಿಳಿಯಿತು. ಇಲ್ಲವೆನ್ನಬಹುದಿತ್ತು. ಹೌದೆಂದೆ. ಗಂಡ ಅವಳ ಕಡೆ ತಿರುಗಿ, "ಹಾಕು, ಇನ್ನಷ್ಟು ಹಾಕು," ಎಂದು ಉಗುಳಿ ಹೋದ.

ಅಂದೇ ಅಧ್ಯಕ್ಷರ ಕೋಣೆಗೆ ಹೋಗಿ, ಅವರ ಮೇಜಿನ ಮೇಲೇ ತಿದ್ದುಪಡಿ ಬರೆದುಕೊಟ್ಟೆ. ಸಿಂದಿ ಗಿಡಗಳಲ್ಲಿ ಹುಳು ಇರಲಿಲ್ಲ. ಮೂಲ ಲಾರಿಯಲ್ಲಿ ಬಂದ ಮರಗಳೇ. ಅವುಗಳಲ್ಲಿ ಹುಳುಬಿದ್ದವನ್ನು ಕೂಡಲೇ ಕಡಿಯಬೇಕು. ಅವರು ಓದಿ ನಕ್ಕರು.

"ನಿಮ್ಮ ಮೊದಲನೇ ವರದಿ ಛಲೋ ಇತ್ತು ಸರ್. ಇದರಾಗ ಮಜಾ ಇಲ್ಲ."

"ಗಿಡ ಸಾಯ್ತಾವ."

"ಸಾಯ್ಲಿ, ಉದ್ಘಾಟನೆ ಆದ್ಮ್ಯಾಲ ಸಾಯ್ಲಿ." ಕಾಂಡಗಳಿಗೆ ಬಿಳಿ ಬಣ್ಣ ಬಳಿಸಿ, ಒಣಗಿದ ತಲೆಗಳಿಗೆ ದೀಪದ ಸರ ಸುತ್ತಿಸಿದರು. ಉದ್ಘಾಟನೆಯ ಹೊಗಳಿಕೆಯ ಮಾತು ಕೇಳುವಷ್ಟು ದಿನ ಮರಗಳು ನಿಂತವು.

ಅಧ್ಯಕ್ಷರ ಕೋಣೆಯಿಂದ ಅಂದೇ ಹಳ್ಳದ ದಂಡೆಗೆ ಮರಳಿ, ಅವಳಿಗೆ ಸಿಂದಿಯ ಸಸಿ ಬೆಳೆಸಿಕೊಡುತ್ತೇನೆಂದೆ.

"ಕೊಯ್ಲಿಗಿ ಬರಲಾಕ ಎಷ್ಟ್ ವರ್ಷ ಬೇಕ್ರಿ?"

"ಐದಾರು ವರ್ಷ."

"ನನ್ನ ಹಲ್ಲು ನೋಡಿ ಹೇಳ್ರಿ," ಎಂದು ಬಾಯಿ ತೆರೆದು ತೋರಿಸಿದಳು. "ಕುರಿ ಆದ್ರ ಈ ಹಲ್ಲಿಗಿ ಕಟುಕನೂ ಕೇಳಂಗಿಲ್ಲ. ಸಸಿ ಬ್ಯಾಡ. ನೀವು ಒಂದ್ ಕೆಲಸ ಮಾಡ್ರಿ. ಹಬ್ಬದ ಹಿಂದಿನ ಬುಧವಾರ ನನ್ನ ಸಂಗಾಟ ಬರ್ರಿ. ಬಾರಿಗಿ ಯಾಕಿಲ್ಲ ಅಂತ ನೀವ ಮನಿಮನಿಗಿ ಹೇಳ್ರಿ. ನಾ ಹೇಳಿದ್ರ ಮುದುಕಿಗಿ ಮೈ ಬಗ್ಗಲಿಲ್ಲ ಅಂತಾರ."

ಭಾಲ್ಕಿಯ ಹಳೆಯ ಓಣಿಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಸಿಂದಿ ಬಾರಿಗಿ ಇಟ್ಟು ಅರಿಶಿಣ ಕುಂಕುಮ ಹಚ್ಚುತ್ತಾರೆ. ಅಂಗಡಿಯದು ನಡೆಯುವುದಿಲ್ಲ. ಯಾವ ಮನೆಗೆ ಯಾರು ಕೊಡಬೇಕೆಂಬುದು ಅತ್ತೆಯಿಂದ ಸೊಸೆಗೆ ಬಂದ ಹಕ್ಕು. ಒಂದು ವರ್ಷ ತಪ್ಪಿದರೆ ಮನೆ ಇನ್ನೊಬ್ಬಳ ಕೈಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಮ್ಮದು ಬೌದ್ಧರ ಮನೆ, ಈ ಪೂಜೆ ಇಲ್ಲ. ಪದ್ಧತಿ ಇದೆಯೆಂದು ಗೊತ್ತಿತ್ತು, ನನ್ನ ವಿಷಯವಲ್ಲವೆಂದು ಬಿಟ್ಟಿದ್ದೆ. ಕಿರು ಉಪಯೋಗ ಎಂದು ನಾನು ಬರೆದದ್ದು ಇದನ್ನೇ.

ಹೋದೆ. ಅವಳು ಬರಿಗೈಯಲ್ಲಿ ಮುಂದೆ, ನಾನು ಹಿಂದೆ. ಮೊದಲ ಮನೆಯ ಹೆಂಗಸು ನನ್ನ ಮಾತು ಮುಗಿಯುವವರೆಗೆ ಸೆರಗು ಹಲ್ಲಲ್ಲಿ ಕಚ್ಚಿ ನಿಂತಿದ್ದಳು.

"ಅಂದ್ರ ಈಗ ಪ್ಲಾಸ್ಟಿಕ್ ಬಾರಿಗಿಗಿ ಕುಂಕುಮ ಹಚ್ಚಬೇಕೇನ್ರಿ? ಹಚ್ಚಿ ನಿಮ್ಮ ಫೋಟೋ ಬಾಜೂಕ್ಕ ಇಡ್ತೇನಿ."

ಎರಡನೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಮೂರನೆಯದರಲ್ಲಿ, ಚಿಂತಾಕಿ ಊರ ಕಡೆಯಾಕೆ ಆಗಲೇ ಕೊಟ್ಟು ಹೋದಳು, ಇನ್ನು ಮುಂದೆ ಅವಳೇ ಕೊಡುತ್ತಾಳೆ ಎಂದರು. ನನ್ನ ಜೊತೆಯವಳು ಹೂಂ ಎಂದು ಮುಂದೆ ನಡೆದಳು. ನಾಲ್ಕನೆಯ ಮನೆಯ ಮುದುಕಿ ಕಟ್ಟೆಯ ಮೇಲಿಂದಲೇ ನನ್ನನ್ನು ಮೇಲೆ ಕೆಳಗೆ ನೋಡಿ ಕೇಳಿದಳು.

"ನಿಮ್ ಮನ್ಯಾಗ ಲಕ್ಷ್ಮಿ ಕೂಡ್ಸಂಗಿಲ್ಲೇನ್ರಿ?"

"ಇಲ್ಲ."

"ಅದಕ್ಕ."

ಆ ಧ್ವನಿಯ "ಅದಕ್ಕ" ನನಗೆ ಹೊಸದಲ್ಲ. ಶಾಲೆಯ ದಿನಗಳಿಂದ ಕೇಳಿದ್ದೇನೆ. ಉತ್ತರ ಕೊಡಲು ನಾನು ಬಾಯಿ ತೆರೆಯುವ ಮೊದಲೇ ಜೊತೆಯವಳು ಅಂದಳು: "ಜೆಸಿಬಿ ತಂದವನ ಮನ್ಯಾಗ ದಿನಾ ಪೂಜಿ ಅದ ಬಾಯಾರ. ಇವರು ತಪ್ಪು ಮಾಡ್ಯಾರ, ಅದಕ್ಕ ಬೈರಿ. ಬ್ಯಾರೇದಕ್ಕ ಬ್ಯಾಡ." ಅದು ನನ್ನ ಮೇಲಿನ ಕರುಣೆಯಲ್ಲ. ಹೇಳಿ ಮುಗಿಸಿದ ಮೇಲೆ ನನ್ನ ಮುಖ ನೋಡದೆ, "ನಡೀರಿ, ಇನ್ನೂ ಮನಿ ಅವ," ಅಂದಳು.

ಹತ್ತೊಂಬತ್ತು ಮನೆ. ಹತ್ತೊಂಬತ್ತು ಬಾಗಿಲಲ್ಲೂ ಅದೇ ಮಾತು ಹೇಳಿದೆ: ಗಿಡಗಳಿಗೆ ರೋಗ ಇರಲಿಲ್ಲ, ನನ್ನ ವರದಿ ತಪ್ಪು, ತಪ್ಪೆಂದು ಶನಿವಾರವೇ ತಿಳಿದಿತ್ತು, ಸೋಮವಾರ ಕಡಿದರು. ಮೊದಮೊದಲು ಶನಿವಾರದ ಮಾತು ಬಿಟ್ಟು ಹೇಳಿದ್ದೆ. ಐದನೆಯ ಬಾಗಿಲಿನಿಂದ ಅದನ್ನೂ ಸೇರಿಸಿದೆ. ಅವಳಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೇಳಿ ಒಮ್ಮೆ ನಿಂತು ನನ್ನನ್ನು ನೋಡಿದಳು, ಆಮೇಲೆ ಮುಂದಿನ ಮನೆಯ ಕಡೆ ನಡೆದಳು.

ಕೊನೆಯ ಮನೆಯಾಕೆ ಮೆತ್ತನೆಯವಳು. ಬಿಸಿಲಲ್ಲಿ ಬಂದಿದ್ದೀರಿ ಎಂದು ತಟ್ಟೆಯಲ್ಲಿ ಎರಡು ಕಪ್ಪು ಚಹಾ ತಂದಳು. ನಾನು ಕೈ ಚಾಚಿದೆ.

"ಅವರಿಗಿ ಕೊಡಬ್ಯಾಡ್ರಿ," ಅಂದಳು ನನ್ನ ಜೊತೆಯವಳು.

ಮನೆಯಾಕೆ ತಟ್ಟೆ ಹಿಡಿದು ಗಲಿಬಿಲಿಯಾದಳು. ನನ್ನ ಜೊತೆಯವಳು ಎರಡೂ ಕಪ್ಪು ತನ್ನ ಕಡೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಮೊದಲನೆಯದನ್ನು ಸಾಸರಿಗೆ ಸುರಿದು ಊದಿ ಕುಡಿದಳು. ಆಮೇಲೆ ಎರಡನೆಯದನ್ನು. ಅವಸರ ಮಾಡಲಿಲ್ಲ. ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು. ಬಾಯಿ ಒರೆಸಿಕೊಂಡು ಎದ್ದು, "ಇನ್ನ ಹೋಗ್ರಿ. ಮತ್ತ ಈ ಕಡಿ ಬರಬ್ಯಾಡ್ರಿ," ಎಂದು ಹಳ್ಳದ ದಾರಿ ಹಿಡಿದಳು. ಅವಳು ಓಣಿಯ ತಿರುವಿನಲ್ಲಿ ಕಾಣದಾಗುವವರೆಗೂ ನಾನು ಆ ಮೆಟ್ಟಿಲ ಹತ್ತಿರವೇ ನಿಂತಿದ್ದೆ. ಮನೆಯಾಕೆ ಖಾಲಿ ಕಪ್ಪುಗಳನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡಳು.